ಇದ್ದರೂ ಇಲ್ಲದಿದ್ದರೂ

ಪರದೆಯ ಮೇಲೆ ಎರಡು ಸಾಲುಗಳಿದ್ದವು. ಮೊದಲನೆಯದು: ಅರ್ಬುದಶೇಷ, ಸೊನ್ನೆ. ಎರಡನೆಯದು: ಸಂಕಲ್ಪಿತ ದಿನಗಳು, ಮೂವತ್ತು.

ಈ ಎರಡು ಸಾಲುಗಳು ಒಂದರ ಕೆಳಗೊಂದು ನಾಚಿಕೆಯಿಲ್ಲದೆ ಕುಳಿತಿರುವುದನ್ನು ಮಂದಾಕಿನಿ ಒಂದು ವರ್ಷದಿಂದ ನೋಡುತ್ತ ಬಂದಿದ್ದಳು. ಹೇಸಿಗೆಗೂ ಒಂದು ರೂಢಿಯಿದೆ. ದಿನವೂ ಕಂಡ ಕೊಳಕು ಕ್ರಮೇಣ ಗೋಡೆಯ ಬಣ್ಣವಾಗಿಬಿಡುತ್ತದೆ. ಆದರೆ ಈ ಮುಂಜಾನೆ ಆ ಸಾಲುಗಳ ಮೇಲಿದ್ದ ಹೆಸರು ಅವಳ ಕಣ್ಣನ್ನು ಇರಿಯಿತು. ವೇದೇಶಾಚಾರ್ಯ ಹೆಬ್ಬಳ್ಳಿ, ವಯಸ್ಸು ಎಪ್ಪತ್ತೊಂದು, ಇಂದು ಹನ್ನೆರಡನೆಯ ಸೇವೆ.

ಅದು ಅವಳ ತಂದೆಯ ಹೆಸರು.

ಅಪ್ಪನ ಗಡ್ಡೆಯನ್ನು ಶಸ್ತ್ರದಿಂದ ತೆಗೆದು, ರಕ್ತದ ಪರೀಕ್ಷೆಗಳೆಲ್ಲ ಸೊನ್ನೆ ಬಂದ ಮೇಲೆ ನಿಶ್ಚಿಂತೆಯಿಂದ ಹೊರಟ ಅವಳು ಹದಿನೆಂಟು ದಿನ ಊರಲ್ಲಿರಲಿಲ್ಲ. ಕಲಬುರಗಿಯಲ್ಲಿ ಹೊಸ ಶೇಷದರ್ಶಿಯನ್ನು ಹೂಡಿ, ಅದರ ಅಳತೆ ಸರಿಪಡಿಸಿ, ಹಿಂದಿನ ಸಂಜೆಯಷ್ಟೇ ಧಾರವಾಡಕ್ಕೆ ಮರಳಿದ್ದಳು. ಮನೆಯಲ್ಲಿ ಅಪ್ಪ ಮಾತಿಲ್ಲದೆ ಮಲಗಿದ್ದರು. ಗಂಟಲು ಕೆಟ್ಟಿದೆ ಎಂದು ಅವ್ವ ಹೇಳಿದಾಗ ಅವಳು ನಂಬಿದ್ದಳು. ಅರ್ಬುದವನ್ನು ಅಳೆಯುವ ಯಂತ್ರದ ಭೌತವಿಜ್ಞಾನಿ, ತನ್ನ ಮನೆಯೊಳಗಿನ ಸುಳ್ಳನ್ನು ಅಳೆಯಲಾರದೆ ಹೋದಳು.

ಶೇಷದರ್ಶಿ ಎಂದರೆ ಏನೆಂಬುದನ್ನು ಇಲ್ಲಿ ಹೇಳಿಬಿಡಬೇಕು. ಓಲೆಗರಿಯ ಪ್ರತಿಗಳನ್ನು ಕಂಡವರಿಗೆ ಅದು ಕಠಿಣವಲ್ಲ. ಒಬ್ಬ ಲಿಪಿಕಾರ ಒಂದು ಕಡೆ ದೀರ್ಘವನ್ನು ಮರೆತರೆ, ಅವನ ಪ್ರತಿಯನ್ನು ನೋಡಿ ಬರೆದ ಎಲ್ಲ ಪ್ರತಿಗಳಲ್ಲೂ ಆ ದೀರ್ಘ ಮಾಯವಾಗಿರುತ್ತದೆ. ತಪ್ಪೇ ಆ ವಂಶದ ಗುರುತು. ದೇಹದ ಜೀವಕೋಶಗಳೂ ದಿನವೂ ತಮ್ಮ ಪ್ರತಿ ತೆಗೆಯುತ್ತವೆ. ಅರ್ಬುದ, ಎಂದರೆ ಕ್ಯಾನ್ಸರ್ ಗಡ್ಡೆ, ಕೆಟ್ಟ ಲಿಪಿಕಾರನ ವಂಶ. ಅದಕ್ಕೆ ತನ್ನವೇ ಆದ ಅಕ್ಷರದೋಷಗಳಿವೆ. ಶಸ್ತ್ರದಿಂದ ತೆಗೆದ ಗಡ್ಡೆಯ ದೋಷಗಳನ್ನು ಶೇಷದರ್ಶಿ ಮೊದಲು ಓದಿಟ್ಟುಕೊಳ್ಳುತ್ತದೆ. ಆಮೇಲೆ ಹತ್ತು ದಿನಕ್ಕೊಮ್ಮೆ, ಮೂರು ಸಲ, ರೋಗಿಯ ರಕ್ತದಲ್ಲಿ ಅದೇ ದೋಷಗಳ ಚೂರುಗಳನ್ನು ಹುಡುಕುತ್ತದೆ. ಮೂರು ಸಲವೂ ಸೊನ್ನೆ ಬಂದರೆ ಆ ವಂಶ ಅಳಿಯಿತೆಂದು ಅರ್ಥ. ಅಂಥವರಿಗೆ ಗಡ್ಡೆ ಸುಡುವ ಕಿರಣ ಕೊಟ್ಟರೂ ಒಂದೇ, ಕೊಡದಿದ್ದರೂ ಒಂದೇ ಎಂಬುದು ಒಂಬತ್ತು ವರ್ಷಗಳ ಪರೀಕ್ಷೆಯಲ್ಲಿ ಸಿದ್ಧವಾಗಿತ್ತು. ಒಂದೇ ಎಂಬ ಮಾತೂ ಸರಿಯಲ್ಲ, ಕೊಟ್ಟರೆ ಸುಡುತ್ತದೆ.

ಆಗ ಕಾನೂನು ಬಂತು. ಶೇಷವಿಲ್ಲದವರಿಗೆ ಕಿರಣ ಕೂಡದು; ರೋಗಿ ತಾನಾಗಿ, ಸ್ವಂತ ಇಚ್ಛೆಯನ್ನು ಘೋಷಿಸಿ ಬೇಡಿದರೆ ಮಾತ್ರ ಅಪವಾದ. ಆ ಘೋಷಣೆಯ ಕಾಗದಕ್ಕೆ ಕನ್ನಡದಲ್ಲಿ ಒಂದು ಹೆಸರು ಬೇಕಾಯಿತು. ಪರಿಭಾಷಾ ಸಮಿತಿಯಲ್ಲಿದ್ದ ವೇದೇಶಾಚಾರ್ಯರು ಒಂದು ದಿನವೆಲ್ಲ ಯೋಚಿಸಿ ‘ಸಂಕಲ್ಪಪತ್ರ’ ಎಂಬ ಶಬ್ದವನ್ನು ಕೊಟ್ಟರು. ಮನಸ್ಸಿನ ನಿಶ್ಚಯವನ್ನು ಹೇಳಲು ಇದಕ್ಕಿಂತ ನಿರ್ಮಲವಾದ ಮಾತಿಲ್ಲ ಎಂದು ಅವರು ಊಟದ ಎಲೆಯ ಮುಂದೆ ಹಿಗ್ಗಿದ್ದು ಮಂದಾಕಿನಿಗೆ ನೆನಪಿತ್ತು.

ಮಂದಾಕಿನಿ ಕೆಲಸ ಮಾಡುತ್ತಿದ್ದ ತೇಜೋವತಿ ಅರ್ಬುದ ಚಿಕಿತ್ಸಾಲಯದಲ್ಲಿ ಕಿರಣ ಕೊಡುವ ಒಂಬತ್ತು ಮಹಾಯಂತ್ರಗಳಿದ್ದವು. ಕಾನೂನು ಬಂದ ಆರು ತಿಂಗಳಿಗೆ ಐದು ಯಂತ್ರಗಳು ಸುಮ್ಮನೆ ನಿಂತವು. ನಿರ್ದೇಶಕ ಡಾ. ತ್ರಿಲೋಚನ ಹಂಪಿಹೊಳಿಯವರ ಕಣ್ಣಿಗೆ ಆಗ ಆ ಶಬ್ದ ಬಿತ್ತು. ಕಾಗದದ ಸಂಕಲ್ಪ ಯಾಕೆ, ನಿಜವಾದ ಸಂಕಲ್ಪವನ್ನೇ ಮಾಡಿಸೋಣ ಎಂದರು. ನೆಲಮಾಳಿಗೆಯಲ್ಲಿ ಒಂದು ಮಂಟಪ, ಅಕ್ಷತೆಯ ತಟ್ಟೆ, ಬೆಳ್ಳಿಯ ಪಂಚಪಾತ್ರೆ, ಸಂಬಳದ ಪುರೋಹಿತ; ಶೇಷವಿದ್ದವರನ್ನೂ ಅಲ್ಲೇ ಕೂಡಿಸುತ್ತಿದ್ದರು. ಕೈಯಲ್ಲಿ ನೀರು ಹಿಡಿದು ಇಷ್ಟು ದಿನ ಮಾಡುತ್ತೇನೆಂದು ನುಡಿದವನು ನಡುವೆ ಬಿಡುತ್ತಾನೆಯೇ? ಚರ್ಮ ಸುಲಿದರೂ, ನಾಲಿಗೆ ಸತ್ತರೂ ಬರುತ್ತಾನೆ. ಕರೆಂಟ್ ಕೊಡಿಸುವುದು ಎಂದು ಅಂಜುತ್ತಿದ್ದ ಜನ, ಕಿರಣಸೇವೆ ಎಂದು ಕೈಮುಗಿಯತೊಡಗಿದರು. ಒಂಬತ್ತು ಯಂತ್ರಗಳೂ ಮತ್ತೆ ತಿರುಗಿದವು.

ಮಂದಾಕಿನಿ ಗೋಡೆಯ ಆಚೆಯ ಕೋಣೆಯನ್ನು ತೋರಿಸುವ ಇನ್ನೊಂದು ಪರದೆಯತ್ತ ನೋಡಿದಳು. ಹಲಗೆಯ ಮೇಲೆ ಮಲಗಿದ್ದ ಮನುಷ್ಯನ ಮುಖ ಕಾಣುತ್ತಿರಲಿಲ್ಲ. ಬಿಳಿಯ ಪ್ಲಾಸ್ಟಿಕ್ ಜಾಳಿಗೆಯೊಂದು ತಲೆ, ಮುಖ, ಕತ್ತುಗಳನ್ನು ಹಲಗೆಗೆ ಬಿಗಿದಿತ್ತು. ಆದರೆ ಬಲಗೈ ಹೊರಗಿತ್ತು. ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣುಗಳ ಮೇಲೆ ಒಂದೊಂದಾಗಿ ಏರಿ ಇಳಿಯುತ್ತಿತ್ತು. ಕಿರಣ ಹರಿಯುವಾಗಲೂ ಅವರು ಜಪ ಎಣಿಸುತ್ತಿದ್ದರು.

ಅವಳು ಕೆಂಪು ಗುಂಡಿಯನ್ನು ಒತ್ತಿದಳು. ಯಂತ್ರದ ಗುಂಯ್‌ಗುಡುವಿಕೆ ನಿಂತಿತು.

“ಮೇಡಮ್ಮಾರ, ಏನ್ ಮಾಡಿದ್ರಿ!” ಎಂದು ಯಂತ್ರ ನಡೆಸುವ ಫಕೀರಪ್ಪ ಕುರ್ಚಿಯಿಂದ ಎದ್ದ. ಹದಿನೈದು ವರ್ಷ ಅದೇ ಕುರ್ಚಿಯಲ್ಲಿ ಕೂತು ಕೂದಲು ನರೆತವನು. “ಅವರು ಸಂಕಲ್ಪದ ಪೇಷಂಟ್ ರೀ. ನಡುವ ತಡೆಯೂ ಹಂಗಿಲ್ಲ.”

“ಅವರು ನಮ್ಮಪ್ಪ.”

ಫಕೀರಪ್ಪನ ಮುಖ ಇಳಿಯಿತು. “ಗೊತ್ತ್ರೀ. ನಿಮಗ ಹೇಳಬ್ಯಾಡ ಅಂತ ಅವರs ಹೇಳಿದ್ರು.”

ಅಷ್ಟರಲ್ಲಿ ಧ್ವನಿಪೆಟ್ಟಿಗೆಯಿಂದ, ಜಾಳಿಗೆಯ ಹಿಂದಿನಿಂದ, ತುಟಿ ಬಿಡಿಸಲಾಗದ ಒಂದು ದನಿ ಬಂತು. “ಯಾಕ ನಿಂತ್ರಿ? ಯಾರರ ನಿಲ್ಲಿಸಿದ್ರೇನು? ನನ್ನ ವ್ರತ ಕೆಡಿಸಬ್ಯಾಡ್ರೆಪಾ. ಮುಗಸ್ರಿ.”

ಆ ದನಿ ಒಣಗಿತ್ತು. ಬೆಳಗಿನ ಪಾಠದಲ್ಲಿ ಬೀದಿಯ ತಿರುವಿನವರೆಗೆ ಕೇಳಿಸುತ್ತಿದ್ದ ದನಿ, ಒಣ ಬಾಳೆಯ ಪಟ್ಟೆಯನ್ನು ಸೀಳಿದಂತೆ ಕೇಳಿಸಿತು. ಮಂದಾಕಿನಿಯ ಬೆರಳು ಗುಂಡಿಯ ಮೇಲೆ ಎಷ್ಟು ಹೊತ್ತು ನಿಂತಿತೋ ಅವಳಿಗೆ ತಿಳಿಯಲಿಲ್ಲ. ರೋಗಿ ತಾನೇ ಮುಂದುವರಿಸೆಂದಾಗ ತಡೆಯುವ ಅಧಿಕಾರ ಅವಳಿಗಿರಲಿಲ್ಲ. ಅವಳು ಕೈ ತೆಗೆದಳು. ಯಂತ್ರ ಮತ್ತೆ ಗುಂಯ್‌ಗುಟ್ಟಿತು. ಹೆಬ್ಬೆರಳು ಮತ್ತೆ ಗೆಣ್ಣುಗಳನ್ನು ಏರತೊಡಗಿತು.

ಅವಳು ಚಿಕಿತ್ಸೆಯ ನಕ್ಷೆಯನ್ನು ತೆರೆದಳು. ಗಡ್ಡೆಯಿದ್ದದ್ದು ಎಡಗಿವಿಯ ಕೆಳಗಿನ ಲಾಲಾಗ್ರಂಥಿಯಲ್ಲಿ, ಎಂದರೆ ಬಾಯಿಗೆ ಜೊಲ್ಲು ಒದಗಿಸುವ ದೊಡ್ಡ ಗ್ರಂಥಿಯಲ್ಲಿ. ಶಸ್ತ್ರವೈದ್ಯರು ಅದನ್ನು ಬುಡಸಮೇತ ತೆಗೆದಿದ್ದರು. ನಕ್ಷೆಯಲ್ಲಿ ಕಿರಣದ ಛಾಯೆ ಎಡಗಡೆಯಷ್ಟೇ ಅಲ್ಲ, ಬಲಗಡೆಯೂ ಹರಡಿತ್ತು.

“ಬಲಗಡೆ ಯಾಕ ಫಕೀರಪ್ಪ? ಬಲಗಡೆ ಏನ ಆಗಿತ್ತು?”

“ಪೂರ್ಣಸೇವಾ ಅಂದ್ರ ಎರಡೂ ಕಡೆ ರೀ,” ಎಂದ ಅವನು, ಅವಳ ಮುಖ ನೋಡದೆ. “ಒಂದs ಕಡೆ ಮಾಡಿದ್ರ ಅಪೂರ್ಣ ಆಗ್ತದಂತ.”

ಅವಳು ಬಲಗಡೆಯ ಅಳತೆ ನೋಡಿದಳು. ಉಳಿದಿದ್ದ ಆ ಒಂದು ಬಲಗ್ರಂಥಿ ನಿರೋಗಿ. ಕಿರಣದ ಅಳತೆಯನ್ನು ಗ್ರೇ ಎಂಬ ಮಾನದಲ್ಲಿ ಎಣಿಸುತ್ತಾರೆ. ದಿನಕ್ಕೆ ಎರಡರಂತೆ ಅದು ಇಪ್ಪತ್ತನಾಲ್ಕನ್ನು ಕುಡಿದಿತ್ತು. ಇಪ್ಪತ್ತಾರು ಅದರ ಎಲ್ಲೆ. ಅಲ್ಲಿಗೆ ನಿಲ್ಲಿಸಿದರೆ ಗ್ರಂಥಿ ಕಾಲಾಂತರದಲ್ಲಿ ಒಂದಿಷ್ಟು ಚೇತರಿಸೀತು. ಮುಟ್ಟಿ ದಾಟಿದರೆ ಬತ್ತಿದ ಊಟೆ ಮತ್ತೆ ಜಿನುಗುವುದಿಲ್ಲ. ಜೊಲ್ಲಿಲ್ಲದ ಬಾಯಿ ಎಂದರೆ ಅನ್ನ ನುಂಗದ ಬಾಯಿ, ಹಲ್ಲು ಉದುರುವ ಬಾಯಿ, ನಾಲ್ಕು ವಾಕ್ಯಕ್ಕೆ ನಾಲಿಗೆ ಅಂಗುಳಿಗೆ ಅಂಟುವ ಬಾಯಿ. ಐವತ್ತು ವರ್ಷ ಮೀಮಾಂಸೆಯ ಪಾಠ ಹೇಳಿದ ಬಾಯಿ. ನಾಳೆ ಹದಿಮೂರನೆಯ ದಿನ.

ಕಿರಣವನ್ನು ಅವಳು ದ್ವೇಷಿಸಿದವಳಲ್ಲ. ಶೇಷವಿದ್ದವರನ್ನು ಅದೇ ಯಂತ್ರ ಮೃತ್ಯುವಿನ ಬಾಯಿಂದ ಎಳೆದು ತಂದದ್ದನ್ನು ನೂರು ಸಲ ನೋಡಿ ಕಣ್ಣು ತೇವವಾಗಿದ್ದವಳು. ಪವಿತ್ರವಾದದ್ದನ್ನು ಕೊಳಚೆಗೆ ಬಳಸಿದಾಗ ಹುಟ್ಟುವ ಜುಗುಪ್ಸೆ ಬೇರೆ. ಅದು ಬರಿಯ ಕೊಳಚೆಯನ್ನು ಕಂಡಾಗ ಹುಟ್ಟುವುದಿಲ್ಲ.

ನಿರ್ದೇಶಕರ ಕೋಣೆಯ ಹೊರಗೆ ಆಳೆತ್ತರದ ಒಂದು ಚಿತ್ರಪಟ ತೂಗುತ್ತಿತ್ತು. ಅದರಲ್ಲಿ ಅವಳಪ್ಪ ಶಾಲು ಹೊದ್ದು, ಕಿವಿಗೆ ಪಟ್ಟಿ ಸುತ್ತಿಕೊಂಡು, ಕೈಯಲ್ಲಿ ನೀರು ಹಿಡಿದು ಕೂತಿದ್ದರು. ಕೆಳಗೆ ಬಂಗಾರದ ಅಕ್ಷರಗಳು: ಶಬ್ದ ಕೊಟ್ಟವರೇ ಸಂಕಲ್ಪ ತೊಟ್ಟರು.

“ಬರ್ರಿ ಬರ್ರಿ ಮಂದಾಕಿನಿ,” ಎಂದರು ಹಂಪಿಹೊಳಿ. ಅವರದು ಎಣ್ಣೆ ಹಚ್ಚಿದಂಥ ದನಿ. “ಸಿಟ್ಟಿಗೆದ್ದೀರಿ. ಏಳಬೇಕಾದ್ದs. ಮಗಳಲ್ಲೇನು?”

“ಶೇಷ ಸೊನ್ನೆ ಅದ ಸರ್. ಮೂರೂ ಸಲ ಸೊನ್ನೆ. ನಿಮಗ ಗೊತ್ತಿತ್ತು.”

“ಅವರಿಗೂ ಗೊತ್ತಿತ್ತು. ನಾವೇನ ಮುಚ್ಚಿಟ್ಟೇವಿ? ಕಾಗದದ ಮ್ಯಾಲೆ ದಪ್ಪ ಅಕ್ಷರದಾಗ ಬರದದ. ಆದ್ರ ಮನಸ್ಸಿನಾಗಿನ ಅಂಜಿಕಿಗೆ ನಿಮ್ಮ ಯಂತ್ರ ಸೊನ್ನೆ ತೋರಿಸ್ತದೇನು? ಅಂಜಿಕಿಗೂ ಔಷಧ ಬೇಕಲ್ರೀ.”

“ಬಲಗಡೆ ಗ್ರಂಥಿ ಸುಟ್ಟು ಅಂಜಿಕಿ ಕಳೀತೀರಿ?”

ಅವರು ನಕ್ಕರು. ಆ ನಗೆಯಲ್ಲಿ ಕ್ರೌರ್ಯವಿದ್ದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು. ಅದರಲ್ಲಿ ಇದ್ದದ್ದು ಬರಿಯ ಸೌಜನ್ಯ. “ನೋಡ್ರಿ, ನಾ ಯಾರಿಗೂ ಜುಲುಮಿ ಮಾಡಿಲ್ಲ. ಸಂಕಲ್ಪದ ವಿಡಿಯೋ ಅದ, ಕಾನೂನಿನ ಪ್ರಕಾರ ಇಟ್ಟೇವಿ. ಮನಿಯವರು ಕೇಳಿದ್ರ ಕೊಡಬೇಕು, ತಗೊಂಡ ಹೋಗ್ರಿ. ನಿಮ್ಮ ತಂದಿಯವರು ಎಷ್ಟು ಸ್ಪಷ್ಟ ‘ಕರಿಷ್ಯೇ’, ಮಾಡೇ ಮಾಡ್ತೀನಿ, ಅಂದಾರ ಕೇಳ್ರಿ. ಆಮ್ಯಾಲೆ ಅವರನ್ನ ನೀವs ಬಿಡಸ್ರಿ ನೋಡೋಣ. ನಾ ಬಲ್ಲೆ ಅವರನ್ನ. ಪ್ರಾಣ ಬಿಟ್ಟಾರು, ಸಂಕಲ್ಪ ಬಿಡೂ ಮನುಷ್ಯ ಅಲ್ಲ.”

ಅವರು ತನ್ನ ತಂದೆಯನ್ನು ಹೊಗಳಿದರೆಂಬುದು ಅವಳಿಗೆ ಮೆಟ್ಟಿಲಿಳಿಯುವಾಗ ಹೊಳೆಯಿತು. ನಿಷ್ಠೆಯನ್ನೇ ಹಗ್ಗವಾಗಿ ಹೊಸೆದು ಆ ನಿಷ್ಠಾವಂತನನ್ನು ಕಟ್ಟುವುದು! ಬಾಯಿಗೆ ಬಂದ ಕಹಿಯನ್ನು ಅವಳು ಅಂಗಳದ ನಲ್ಲಿಯ ಬಳಿ ಉಗುಳಿ ಮುಖ ತೊಳೆದುಕೊಂಡಳು.

ಮಾಳಮಡ್ಡಿಯ ಮನೆಯಲ್ಲಿ ಊಟದ ಹೊತ್ತು. ಆಚಾರ್ಯರು ಎಲೆಯ ಮುಂದೆ ಕೂತಿದ್ದರು. ಅವ್ವ ಚಂದ್ರಭಾಗಾಬಾಯಿ ಗಂಜಿಯಂತೆ ನುಣ್ಣಗೆ ಕಿವುಚಿದ ಮೊಸರನ್ನವನ್ನು ಚಮಚದಲ್ಲಿ ಹಿಡಿದು ನಿಂತಿದ್ದರು.

“ಇನ್ನೊಂದು ತುತ್ತು. ಮಗು ಹಂಗ ಮಾಡಬ್ಯಾಡ್ರಿ.”

“ಬ್ಯಾಡ. ತುಕ್ಕು ಹಿಡದ ಕಬ್ಬಿಣ ನೆಕ್ಕಿದಂಗ ಆಗ್ತದ.” ಮಗಳು ಬಾಗಿಲಲ್ಲಿ ನಿಂತದ್ದನ್ನು ಕಂಡು ಅವರು ಕಣ್ಣು ತಗ್ಗಿಸಿದರು. “ಮುಂಜಾನೆ ಯಂತ್ರ ನಿಲ್ಲಿಸಿದಾಕಿ ನೀನs ಏನು?”

“ನಾನ.”

“ತಪ್ಪು ಮಾಡಿದಿ.”

“ನೀವು ನನಗ ಮುಚ್ಚಿದ್ದು?”

“ಅದೂ ತಪ್ಪು,” ಎಂದರು ಅವರು. ಅಷ್ಟು ಬೇಗ ಒಪ್ಪಿಕೊಂಡದ್ದರಿಂದ ಅವಳ ಸಿದ್ಧಪಡಿಸಿದ ಸಿಟ್ಟು ನೆಲೆ ತಪ್ಪಿತು.

ಚಂದ್ರಭಾಗಾಬಾಯಿ ಚಮಚವನ್ನು ತಟ್ಟೆಗೆ ಬಡಿದರು. “ಆ ಡಾಕ್ಟರ್ ಬುಟ್ಟಿ ತುಂಬ ಹಣ್ಣು ಹೊತಗೊಂಡ ಬಂದಿದ್ದ. ಶಾಲು ಹೊಚ್ಚಿದ. ನಿಮ್ಮಂಥವರು ಮಾಡಿದ್ರ ಊರಿಗೆ ಧೈರ್ಯ ಅಂದ. ನಾ ಒಳಗಿಂದ ಕೈಸನ್ನಿ ಮಾಡೇ ಮಾಡಿದೆ. ಈ ಮನುಷ್ಯಾಗ ಶಾಲು ಕಂಡ್ರ ಕಣ್ಣು ಕಾಣೂದಿಲ್ಲ.”

“ಶಾಲಿಗಲ್ಲ,” ಎಂದರು ಆಚಾರ್ಯರು. ತಂಬಿಗೆಯ ನೀರಿನಿಂದ ತುಟಿ ತೋಯಿಸಿಕೊಂಡರು. “ಅಂಜಿದ್ದೆ. ಪಾಠ ಹೇಳೂಮುಂದ ಏನೂ ಇಲ್ಲ. ಸುಮ್ಮನ ಕೂತಾಗ ಕೈ ತಾನs ಗದ್ದದ ಬುಡಕ ಹೋಗ್ತಿತ್ತು. ಸೊನ್ನಿ ಅಂತೀ ನೀನು. ಸೊನ್ನಿ ಅಂದ್ರ ಕೈಗೆ ಸಿಗೂ ವಸ್ತು ಅಲ್ಲಲಾ, ಮಂದೂ. ಏನರ ಒಂದು ಮಾಡಿದೆ ಅನ್ನೂದು ಬೇಕಾಗಿತ್ತು.”

ಅವಳು ಅವರ ಎದುರು ನೆಲದ ಮೇಲೆ ಕುಳಿತಳು. ಇಂಥ ಮನುಷ್ಯನೊಡನೆ ಕಣ್ಣೀರಿನಿಂದ ವಾದಿಸಿ ಪ್ರಯೋಜನವಿಲ್ಲವೆಂಬುದನ್ನು ಅವಳು ಹನ್ನೆರಡನೆಯ ವಯಸ್ಸಿನಲ್ಲೇ ಕಲಿತಿದ್ದಳು. ಅವರದೇ ಆಯುಧವನ್ನು ಎತ್ತಿಕೊಂಡಳು.

“ಅಪ್ಪಾ, ಯಜ್ಞದಾಗ ಭತ್ತ ಕುಟ್ಟೂದು ಯಾಕ?”

ಆಚಾರ್ಯರ ಹುಬ್ಬು ಏರಿತು. “ಹೊಟ್ಟು ಹೋಗಲಿ ಅಂತ.”

“ಭತ್ತದ ಬದಲಿ ಬಂಗಾರದ ಕಾಳು ಹಾಕ್ರಿ ಅಂತ ಒಂದು ಕಡೆ ವಿಧಿ ಅದಲ್ಲ. ಅಲ್ಲೆ ಕುಟ್ಟಬೇಕೋ ಬ್ಯಾಡೋ?”

“ಬ್ಯಾಡ. ಬಂಗಾರಕ್ಕ ಹೊಟ್ಟಿಲ್ಲ. ಹೊಟ್ಟಿಲ್ಲದ ಕಡೆ ಕುಟ್ಟೂದು ತಾನs ಬಿದ್ದು ಹೋಗ್ತದ. ವಿಧಿ ಮುರದಂಗ ಅಲ್ಲ ಅದು. ವಿಧಿಗೆ ಅಲ್ಲೆ ಕೆಲಸs ಇಲ್ಲ.” ಹೇಳುತ್ತ ಹೇಳುತ್ತ ಅವರ ಮುಖದಲ್ಲಿ ಪಾಠದ ಬೆಳಕು ಮೂಡಿತು, ಮರುಕ್ಷಣವೇ ಬಲೆ ಕಂಡಿತು. ನಾಲಿಗೆ ಅಂಗುಳಿಗೆ ಅಂಟಿ ಟಕ್ಕೆಂದು ಸದ್ದಾಯಿತು. “ಶಾಣ್ಯಾ ಇದ್ದಿ. ನನ್ನ ಶೇಷ ಸೊನ್ನಿ, ಆದ್ದರಿಂದ ನನ್ನ ಸೇವಾ ಬಿದ್ದು ಹೋಗ್ತದ ಅಂತೀ.”

“ಹೌದು.”

“ಅಷ್ಟು ಸರಳ ಇಲ್ಲ. ಸಂಕಲ್ಪದಾಗ ಫಲ ಏನಂತ ಹೇಳಿದ್ದು ಮುಖ್ಯ. ಶೇಷನಾಶಕ್ಕಾಗಿ ಅಂತಿದ್ರ ನಿನ್ನ ಮಾತು ನಿಲ್ತದ. ದೇವರ ಪ್ರೀತಿಗೆ ಅಂತಿದ್ರ ನಿಲ್ಲೂದಿಲ್ಲ. ಅದಕ್ಕ ಶೇಷ ಇದ್ರೇನು, ಬಿಟ್ರೇನು.”

“ಏನಂತಿತ್ತು?”

ಆಚಾರ್ಯರು ಎಡಗಿವಿಯ ಬುಡದಲ್ಲಿ ಇನ್ನೂ ಕೆಂಪಾಗಿದ್ದ ಗಾಯದ ಗೆರೆಯನ್ನು ಮುಟ್ಟಿಕೊಂಡರು. “ಕಿವಿಗೆ ಪಟ್ಟಿ ಕಟ್ಟಿತ್ತು. ಅಲ್ಲಿನ ಪುರೋಹಿತ ವಿಠ್ಠಲ ಲಗೂ ಲಗೂ ಹೇಳಿದ. ನಮ್ಮ ವಿಠ್ಠಲ, ನನ್ನ ಹತ್ರನ ಎಂಟು ವರ್ಷ ಕಲತವ. ಅಂವ ಹೇಳಿದ್ದು ಸರಿನs ಇರ್ತದಂತ…”

“ಕೇಳದs ಕರಿಷ್ಯೇ ಅಂದ್ರಿ.”

“ಎಲ್ಲಾರೂ ಹಂಗs ಅಂತಾರ,” ಎಂದು ಅವ್ವ ನಡುವೆ ಬಾಯಿ ಹಾಕಿದರು. “ಪುರೋಹಿತ ಗೊಣಗೂದು, ಯಜಮಾನ ಕಡೀಕ ಕರಿಷ್ಯೇ ಅನ್ನೂದು. ನಮ್ಮ ಲಗ್ನದಾಗ ಏನೇನ ಕರಿಷ್ಯೇ ಅಂದಾರೋ, ಒಂದರ ಮಾಡ್ಯಾರೇನ ಕೇಳು.”

ಮಂದಾಕಿನಿ ನಗಲಿಲ್ಲ. ಫೋನನ್ನು ನೆಲದ ಮೇಲಿಟ್ಟು ವಿಡಿಯೋ ಹಚ್ಚಿದಳು. ಅವಳೂ ಅದನ್ನು ಕೇಳಿರಲಿಲ್ಲ. ಗಂಟೆಯ ಸದ್ದು, ಯಾರದೋ ಕೆಮ್ಮು, ಆಮೇಲೆ ವಿಠ್ಠಲಾಚಾರನ ತೇಲುವ ಗೊಣಗು. ದೇಶ, ಕಾಲ, ಗೋತ್ರಗಳು ಹರಿದು ಹೋದವು. ಕೊನೆಗೆ ಈ ವಾಕ್ಯ ಬಂತು: “ಮಮ ಶರೀರೇ ಅರ್ಬುದಶೇಷಸ್ಯ ಸತ್ತ್ವೇ ಅಸತ್ತ್ವೇ ವಾ, ತ್ರಿಂಶದ್ದಿನಪರ್ಯಂತಂ, ಕಿರಣಸೇವಾಂ…” ಅದರ ಬೆನ್ನಿಗೇ ಅಪ್ಪನ ತುಂಬುದನಿ: “ಕರಿಷ್ಯೇ.”

ನನ್ನ ದೇಹದಲ್ಲಿ ಅರ್ಬುದದ ಶೇಷ ಇದ್ದರೂ, ಇಲ್ಲದಿದ್ದರೂ, ಮೂವತ್ತು ದಿನ ಮಾಡುತ್ತೇನೆ.

“ಇನ್ನೊಮ್ಮೆ ಹಚ್ಚು,” ಎಂದರು ಆಚಾರ್ಯರು.

ಹಚ್ಚಿದಳು. ಮೂರನೆಯ ಸಲ ಕೇಳಿದಾಗ ಅವರ ತುಟಿಗಳು ಮಾತ್ರ ಅಲುಗುತ್ತಿದ್ದವು: ಸತ್ತ್ವೇ ಅಸತ್ತ್ವೇ ವಾ.

“ವ್ಯಾಕರಣ ಶುದ್ಧ ಅದ,” ಎಂದರು ಕೊನೆಗೆ. “ಒಂದು ಅಕ್ಷರ ಕೆಟ್ಟಿಲ್ಲ. ಅದs ಹೇಸಿಗಿ.”

ಅವರು ಎದ್ದು ಹಿತ್ತಲಿಗೆ ನಡೆದರು. ಚಂದ್ರಭಾಗಾಬಾಯಿ ತಂಬಿಗೆ ಹಿಡಿದು ಹಿಂದೆ ಓಡಿದರು. ಅವರು ಒಣ ಬಾಯಿಂದ ಓಕರಿಸುವ ಸದ್ದು ಒಳಗೆ ಕೇಳಿಸಿತು. ಹೊಟ್ಟೆಯಲ್ಲಿ ಏನೂ ಇರಲಿಲ್ಲವಾದ್ದರಿಂದ ಅದು ಬಹಳ ಹೊತ್ತು ನಡೆಯಿತು. ಮರಳಿ ಬಂದಾಗ ಅವರ ಕಣ್ಣು ಕೆಂಪಾಗಿತ್ತು, ಮಾತು ಮಾತ್ರ ಗಟ್ಟಿಯಾಗಿತ್ತು.

“ಇದಕ್ಕ ಫಲನs ಹೇಳಿಲ್ಲ. ಯಾವ ದೇವರಿಗೂ ಅಲ್ಲ, ಯಾವ ರೋಗಕ್ಕೂ ಅಲ್ಲ. ಹೊಟ್ಟು ಇರಲಿ ಬಿಡಲಿ, ನಾ ಕುಟಗೋತ ಇರ್ತೀನಿ ಅಂತ ಒನಕಿ ಮುಂದ ಆಣಿ ಮಾಡಿಸ್ಯಾನ. ಸಂಕಲ್ಪ ಅಂದ್ರ ನಿಶ್ಚಯ. ‘ವಾ’ ಅಂದ್ರ ಅಥವಾ, ಅಥವಾ ಅಂದಲ್ಲೆ ನಿಶ್ಚಯ ಎಲ್ಲೆ? ನನ್ನ ಶಬ್ದದ ಹೊಟ್ಟಿಯೊಳಗ ಹುಳ ಬಿಟ್ಟಾರ, ಮಂದೂ.” ಅವರು ಉತ್ತರೀಯದಿಂದ ಬಾಯಿ ಒರೆಸಿಕೊಂಡರು. “ನಾ ಸಂಕಲ್ಪ ಮಾಡೇ ಇಲ್ಲ. ನಾಳೆ ಹಲಗಿ ಮ್ಯಾಲೆ ಮಲಗೂದಿಲ್ಲ.”

ಅವಳ ಎದೆಯ ಕಲ್ಲು ಸರಿಯಿತು. ಆದರೆ ಅವರ ಮಾತು ಮುಗಿದಿರಲಿಲ್ಲ.

“ಆದ್ರ ದವಾಖಾನಿಗೆ ಬರ್ತೀನಿ. ಆ ಪಟಾ ನೋಡಿ ನೀರು ಹಿಡದವರು ಇದ್ದಾರಲ್ಲ, ಅವರು ಎಷ್ಟು ಮಂದಿ?”

ಮರುದಿನ ಒಂಬತ್ತು ಗಂಟೆಗೆ ನೆಲಮಾಳಿಗೆಯ ಮಂಟಪದಲ್ಲಿ ಮೂವತ್ತಕ್ಕೂ ಹೆಚ್ಚು ಜನ ಸೇರಿದ್ದರು. ಹೊಸದಾಗಿ ಸಂಕಲ್ಪಕ್ಕೆ ಬಂದವರು ಮುಂದೆ. ನಡುವಿನ ದಿನಗಳವರು ಸರದಿ ಕಾಯುತ್ತ ಗೋಡೆಗೆ. ಅಗರಬತ್ತಿಯ ಪರಿಮಳದ ಅಡಿಯಲ್ಲಿ ಸುಟ್ಟ ಚರ್ಮಕ್ಕೆ ಹಚ್ಚಿದ ಮುಲಾಮಿನ ವಾಸನೆ ಕಮಟಾಗಿ ಹಬ್ಬಿತ್ತು. ವಿಠ್ಠಲಾಚಾರ ಗುರುಗಳನ್ನು ಕಂಡು ಪೀಠದಿಂದ ಎದ್ದ.

“ಕೂಡು,” ಎಂದರು ಆಚಾರ್ಯರು. “ಆ ವಾಕ್ಯ ಯಾರು ಕಟ್ಟಿದ್ದು?”

ಅವನು ಅಕ್ಷತೆಯ ತಟ್ಟೆಯನ್ನು ನೋಡುತ್ತ ನಿಂತ. “ಯಾರೂ ನಡುವ ಬಿಡದಂಗ ಒಂದು ವಾಕ್ಯ ಮಾಡಿಕೊಡ್ರಿ ಅಂದ್ರು ಡಾಕ್ಟರು. ನೀವು ಕಲಿಸಿದ್ದs ಗುರುಗಳ. ಹೊಟ್ಟಿಲ್ಲದ ಕಾಳಿನ ಪ್ರಸಂಗ ನೆನಪಿತ್ತು. ಯಾರರ ಅದನ್ನ ಎತ್ತಿದ್ರ ಅಂತ… ಮೊದಲs ಬಾಗಿಲು ಹಾಕಿದೆ.”

ಆಚಾರ್ಯರು ಅವನನ್ನು ಬಯ್ಯಲಿಲ್ಲ. ಬಚ್ಚಲಲ್ಲಿ ಬಿದ್ದ ಪೂಜೆಯ ಹೂವನ್ನು ನೋಡುವಂತೆ ನೋಡಿ, ಜನರ ಕಡೆ ತಿರುಗಿದರು. ಇದ್ದರೂ ಇಲ್ಲದಿದ್ದರೂ ಎಂಬ ಆ ವಾಕ್ಯದ ಅರ್ಥವನ್ನು ಕನ್ನಡದಲ್ಲಿ ಬಿಡಿಸಿ ಹೇಳಿದರು. ಅದು ಸಂಕಲ್ಪವೇ ಅಲ್ಲ, ಅದನ್ನು ಬಿಟ್ಟರೆ ದೋಷವಿಲ್ಲ ಎಂದರು. ಎರಡೆರಡು ವಾಕ್ಯಕ್ಕೊಮ್ಮೆ ನಿಂತು ಮಂದಾಕಿನಿಯ ಕೈಯಿಂದ ನೀರು ಗುಟುಕರಿಸಿದರು.

ಗೋಡೆಯ ಬಳಿ ಟೊಪ್ಪಿಗೆಯ ಮುದುಕನೊಬ್ಬ ತನ್ನ ಚೀಟಿಯನ್ನು ಮುಂದೆ ಚಾಚಿದ. “ಹಂಗಾರ ನಾನೂ ಹೋಗ್ಲೇನ್ರೀ ಆಚಾರ್ಯರ?”

ಮಂದಾಕಿನಿ ಚೀಟಿ ನೋಡಿದಳು. ಶೇಷ, ನಲವತ್ತೊಂದು. ಅವಳು ತಂದೆಯ ಕಿವಿಯಲ್ಲಿ ಹೇಳಿದಳು.

“ನೀ ಹೋಗಬ್ಯಾಡ ತಮ್ಮಾ,” ಎಂದರು ಆಚಾರ್ಯರು. “ನಿನಗ ಹೊಟ್ಟು ಅದ, ಕುಟ್ಟಬೇಕು. ಒಂದು ದಿನಾನೂ ತಪ್ಪಿಸಬ್ಯಾಡ. ಆ ಯಂತ್ರನs ನಿನಗ ದೇವರು.”

ಆಗ ಉಳಿದವರು ತಮ್ಮ ತಮ್ಮ ಚೀಟಿ ತೆಗೆದರು. ಮಂದಾಕಿನಿ ಒಂದೊಂದನ್ನೂ ಓದಿದಳು. ನಾಲ್ವರಿಗೆ ಶೇಷವಿತ್ತು, ಅವರನ್ನು ಮೇಲೆ ಯಂತ್ರಗಳ ಬಳಿ ಕಳಿಸಿದಳು. ಉಳಿದದ್ದು ಸೊನ್ನೆ, ಸೊನ್ನೆ, ಸೊನ್ನೆ. ಆದರೆ ಸೊನ್ನೆಯವರು ಕದಲಲಿಲ್ಲ. ಒಬ್ಬರ ಮುಖವನ್ನೊಬ್ಬರು ನೋಡುತ್ತ ಅಲ್ಲೇ ಇದ್ದರು.

ನವಲಗುಂದದ ಸಾವಂತ್ರೆವ್ವ ಎಂಬ ನಡುವಯಸ್ಸಿನ ಹೆಂಗಸು ಸೆರಗನ್ನು ಎದೆಗೆ ತಾಗದಂತೆ ದೂರ ಹಿಡಿದುಕೊಂಡೇ ಮುಂದೆ ಬಂದಳು. ಅವಳ ಕತ್ತಿನ ಬುಡದ ಚರ್ಮ ಸುಟ್ಟ ಬದನೆಯ ಸಿಪ್ಪೆಯಂತೆ ಸುಲಿದಿತ್ತು.

“ಅಜ್ಜಾರ, ನೀವು ಶಾಣ್ಯಾರು, ನಿಮ್ಮ ಮಾತು ಖರೇ ಇರಬಹುದು. ನನಗ ಸಂಸ್ಕೃತ ತಿಳಿಯಂಗಿಲ್ಲ. ನೀರು ಹಿಡದೇನಿ, ಮಾಡ್ತೀನಿ ಅಂದೇನಿ. ಹತ್ತೊಂಬತ್ತು ದಿನ ಆತು. ನನ್ನ ಮಗಳು ಬಸರಿ ಅದಾಳ. ಬಿಟ್ರ ಆಕೀಗೆ ತಗಲ್ತದ.”

“ತಗಲೂದಿಲ್ಲವ್ವಾ. ಅದು ಸಂಕಲ್ಪ ಅಲ್ಲ ಅಂತ ಹೇಳಿದೆನಲ್ಲ.”

“ಅದು ನಿಮ್ಮ ಪುಸ್ತಕದಾಗ ರೀ. ನನ್ನ ಕೈಯಾಗ ನೀರು ಇದ್ದದ್ದು ಖರೇ ಅಲ್ಲೇನು?”

ಆಚಾರ್ಯರ ಐವತ್ತು ವರ್ಷದ ವಿದ್ಯೆ ಆ ಸುಲಿದ ಚರ್ಮದ ಮುಂದೆ ಕೈಕಟ್ಟಿ ನಿಂತಿತು. ಅವಳು ತಪ್ಪು ಹೇಳುತ್ತಿರಲಿಲ್ಲ; ಕೊಟ್ಟ ಮಾತನ್ನು ಉಳಿಸಿಕೊಳ್ಳುತ್ತಿದ್ದಳು, ಅಷ್ಟೇ. ಎರಡನೆಯ ಅಂತಸ್ತಿನಿಂದ ಹಂಪಿಹೊಳಿಯವರು ಇಳಿದು ಬಂದು ಮೆಟ್ಟಿಲ ಮೇಲೆ, ಮುಗುಳ್ನಗೆಯನ್ನು ಬಿಡದೆ ನಿಂತಿದ್ದರು.

ಆಚಾರ್ಯರು ವಿಠ್ಠಲನ ಮುಂದಿದ್ದ ಪಂಚಪಾತ್ರೆಯನ್ನು ಎತ್ತಿಕೊಂಡರು. ಉದ್ಧರಣೆಯ ಪುಟ್ಟ ಚಮಚದಿಂದ ಸಾವಂತ್ರೆವ್ವನ ಅಂಗೈಗೆ ನೀರು ಹಾಕಿದರು. “ಇದನ್ನ ನನ್ನ ಕೈಯಾಗ ಬಿಡು,” ಎಂದು ತಮ್ಮ ಬೊಗಸೆಯನ್ನು ಕೆಳಗೆ ಹಿಡಿದರು. ಅವಳು ಅರ್ಥವಾಗದೆ ತನ್ನ ಅಂಗೈಯನ್ನು ನೋಡಿದಳು. ನೀರು ತಾನೇ ಜಾರಿ ಅವರ ಬೊಗಸೆಗೆ ಬಿತ್ತು.

ಅವರು ಅಚ್ಚ ಕನ್ನಡದಲ್ಲಿ ನುಡಿದರು: “ಸಾವಂತ್ರೆವ್ವ ಹಿಡದ ನೀರು ನಾ ತಗೊಂಡೆ. ನಡುವ ಬಿಟ್ಟ ದೋಷ ಅಂತ ಒಂದಿದ್ರ ಆಕೀಗಿಲ್ಲ, ಆಕಿ ಮಗಳಿಗಿಲ್ಲ. ನನಗ ಬರಲಿ. ನನ್ನ ಮನಿಗೆ ಬರಲಿ.”

ಕೊನೆಯ ಮಾತಿಗೆ ಮುನ್ನ ಅವರು ಮಂದಾಕಿನಿಯ ಕಡೆ ನೋಡಿದ್ದರು. ಆ ಮನೆಯ ಮಕ್ಕಳೆಂದರೆ ಅವಳೊಬ್ಬಳೇ. ಅವಳು ತಲೆಯಾಡಿಸಿದ್ದಳು.

ಸಾವಂತ್ರೆವ್ವ ಅವರ ಮುಖವನ್ನೇ ದಿಟ್ಟಿಸಿದಳು. ಆಮೇಲೆ ಒಂದು ಮಾತೂ ಆಡದೆ, ಎದೆಯ ಮೇಲಿನ ಸೆರಗನ್ನು ದೂರ ಹಿಡಿದುಕೊಂಡೇ, ಮೆಟ್ಟಿಲು ಹತ್ತಿ, ನಿರ್ದೇಶಕರ ಪಕ್ಕದಿಂದಲೇ ಹೊರಗೆ ನಡೆದಳು.

ಗೋಡೆಗೆ ಒರಗಿದ್ದವರು ಒಬ್ಬೊಬ್ಬರಾಗಿ ಎದ್ದು ಆಚಾರ್ಯರ ಬೊಗಸೆಯ ಮುಂದೆ ಬಂದು ನಿಂತರು. ಸರದಿ ಮೊದಲಿನದೇ, ದಿಕ್ಕು ಮಾತ್ರ ಬೇರೆಯಾಯಿತು. ಹಂಪಿಹೊಳಿಯವರ ನಗೆ ಮೊದಲ ಬಾರಿಗೆ ಅರ್ಧಕ್ಕೆ ನಿಂತಿತು. ಯಾರನ್ನು ತಡೆಯುವುದು, ಯಾವ ಕಾನೂನಿನಿಂದ ತಡೆಯುವುದು? ಎಲ್ಲರೂ ಸ್ವಂತ ಇಚ್ಛೆಯಿಂದಲೇ ಹೋಗುತ್ತಿದ್ದರು.

ಹನ್ನೊಂದನೆಯವನ ಹೊತ್ತಿಗೆ ಆಚಾರ್ಯರ ದನಿ ಪಿಸುಮಾತಿಗೆ ಇಳಿದಿತ್ತು. ಅವರು ನಾಲಿಗೆಯನ್ನು ತುಟಿಗೆ ಸವರಿದರು, ತುಟಿ ಒದ್ದೆಯಾಗಲಿಲ್ಲ. ಮಂದಾಕಿನಿ ನೀರಿನ ಲೋಟವನ್ನು ಅವರ ಬಾಯಿಗೆ ಹಿಡಿದಳು. ಅವರು ಒಂದು ಗುಟುಕು ಕುಡಿದು, ಬೊಗಸೆಯನ್ನು ಮತ್ತೆ ಒಡ್ಡಿ, ಮುಂದೆ ನಿಂತ ಹೆಂಗಸಿನತ್ತ ತಲೆಯೆತ್ತಿದರು.

“ಹೆಸರೇನವ್ವಾ?”